ಹಲವು ವಿಷಯ ಓದಿದವರು ಅಮೆರಿಕದ ರಾಜ್ಯಶಾಸ್ತ್ರ ಪಿಎಚ್.ಡಿ.ಗೆ ಅರ್ಜಿ ಹಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು ಆಮೇಲೆ ಅಭಿವೃದ್ಧಿ ಅಧ್ಯಯನದಲ್ಲಿ ಎಂ.ಎ. ಮಾಡಿದವರು, ಕಾನೂನು ಓದಿ ಜಮೀನು ವ್ಯಾಜ್ಯಗಳನ್ನು ನೋಡಿಕೊಂಡವರು, ಕನ್ನಡ ಎಂ.ಎ. ಮುಗಿಸಿ ಚುನಾವಣೆಗಳ ವರದಿ ಮಾಡಿದವರು: ಇಂಥ ಹಿನ್ನೆಲೆಯವರು ಅಮೆರಿಕದ ರಾಜ್ಯಶಾಸ್ತ್ರ ಪಿಎಚ್.ಡಿ.ಗೆ ಅರ್ಜಿ ಹಾಕಬಹುದೇ ಎಂದು ಕೇಳುತ್ತಲೇ ಇರುತ್ತಾರೆ. ಧಾರಾಳವಾಗಿ ಹಾಕಬಹುದು. ಅಲ್ಲಿನ ಬಹುಪಾಲು ವಿಭಾಗಗಳು ರಾಜ್ಯಶಾಸ್ತ್ರದ ಪದವಿಯೇ ಬೇಕೆಂದು ಹಟ ಹಿಡಿಯುವುದಿಲ್ಲ. ಸ್ನಾತಕೋತ್ತರ ಪದವಿಯೂ ಸಾಮಾನ್ಯವಾಗಿ ಕಡ್ಡಾಯವಲ್ಲ. ಆದರೆ ‘ನನಗೆ ಹಲವು ಶಾಸ್ತ್ರಗಳ ಪರಿಚಯವಿದೆ’ ಎಂಬುದನ್ನೇ ಅರ್ಹತೆಯೆಂದು ಮುಂದಿಟ್ಟರೆ ಅರ್ಜಿ ಅಲ್ಲೇ ಸೊರಗುತ್ತದೆ. ನೀವು ಏನೇನು ಓದಿದ್ದೀರಿ ಎಂಬುದಕ್ಕಿಂತ, ಅದೆಲ್ಲ ಸೇರಿ ಯಾವ ಒಂದು ಪ್ರಶ್ನೆಯನ್ನು ಹುಟ್ಟಿಸಿದೆ ಮತ್ತು ಆ ಪ್ರಶ್ನೆಯನ್ನು ರಾಜ್ಯಶಾಸ್ತ್ರದವರು ತಮ್ಮದೆಂದು ಗುರುತಿಸುತ್ತಾರೆಯೇ ಎಂಬುದೇ ಪ್ರವೇಶ ಸಮಿತಿಗೆ ಮುಖ್ಯ. ಈ ಮಾರ್ಗದರ್ಶಿಯ ಹೆಚ್ಚಿನ ಭಾಗ ಅದರ ಸುತ್ತಲೇ ಇದೆ.

ಮೊದಲು ಅಲ್ಲಿನ ಪದ್ಧತಿ ತಿಳಿಯಿರಿ

ನಮ್ಮಲ್ಲಿ ಪಿಎಚ್.ಡಿ. ಎಂದರೆ ಮೊದಲು ಗೈಡ್ ಸಿಗಬೇಕು, ಆಮೇಲೆ ಸಾರಲೇಖ, ನೋಂದಣಿ. ಅಮೆರಿಕದಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವುದು ಒಬ್ಬ ಪ್ರಾಧ್ಯಾಪಕರಲ್ಲ, ಇಡೀ ವಿಭಾಗ. ನಾಲ್ಕಾರು ಪ್ರಾಧ್ಯಾಪಕರ ಸಮಿತಿ ನೂರಾರು ಅರ್ಜಿಗಳನ್ನು ಓದಿ ಪಟ್ಟಿ ಮಾಡುತ್ತದೆ. ಸೇರಿದ ಮೇಲೆ ಮೊದಲ ಎರಡು ವರ್ಷ ತರಗತಿ, ನಂತರ ಸಮಗ್ರ ಪರೀಕ್ಷೆ, ಆಮೇಲೆ ಸಂಶೋಧನಾ ಪ್ರಸ್ತಾವ, ಕೊನೆಗೆ ಮಹಾಪ್ರಬಂಧ. ಒಟ್ಟು ಐದಾರು ವರ್ಷ, ಕ್ಷೇತ್ರಕಾರ್ಯ ದೊಡ್ಡದಾದರೆ ಅದಕ್ಕೂ ಹೆಚ್ಚು. ಒಳ್ಳೆಯ ವಿಭಾಗಗಳು ಬೋಧನಾ ಶುಲ್ಕ ಮನ್ನಾ ಮಾಡಿ, ಸ್ಟೈಪೆಂಡ್ ಮತ್ತು ಆರೋಗ್ಯ ವಿಮೆ ಕೊಡುತ್ತವೆ. ಪ್ರತಿಯಾಗಿ ಕೆಲವು ಸೆಮಿಸ್ಟರ್ ಬೋಧನಾ ಸಹಾಯಕರಾಗಿ ದುಡಿಯಬೇಕು. ಹಣದ ನೆರವಿಲ್ಲದ ಪ್ರವೇಶವನ್ನು ಪ್ರವೇಶವೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಾಲ ಮಾಡಿ ರಾಜ್ಯಶಾಸ್ತ್ರದ ಪಿಎಚ್.ಡಿ. ಮಾಡುವುದು ಬುದ್ಧಿವಂತಿಕೆಯಲ್ಲ.

ಇನ್ನೊಂದು ಮಾತು. ಎಂ.ಎಸ್.ಗೆ ವಿದ್ಯಾರ್ಥಿಗಳನ್ನು ಕಳುಹಿಸುವ ಏಜೆನ್ಸಿಗಳು ಬೆಂಗಳೂರಿನಲ್ಲಿ ಬೀದಿಗೊಂದಿವೆ. ಕಂಪ್ಯೂಟರ್ ಸೈನ್ಸ್ ಪ್ರವೇಶದಲ್ಲಿ ಪಳಗಿದ ಅವರ ಅಚ್ಚುಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಹಣವನ್ನು ಅರ್ಜಿ ಶುಲ್ಕಕ್ಕೆ ಇಟ್ಟುಕೊಳ್ಳಿ.

ಹೆಜ್ಜೆ 1: ನಿಮ್ಮ ಹಿನ್ನೆಲೆಯಿಂದ ಒಂದು ಪ್ರಶ್ನೆ ತೆಗೆಯಿರಿ (ಒಂದೂವರೆ ವರ್ಷ ಮೊದಲು)

ಅಮೆರಿಕದ ರಾಜ್ಯಶಾಸ್ತ್ರ ವಿಭಾಗಗಳು ಉಪಕ್ಷೇತ್ರಗಳಾಗಿ ಹಂಚಿಹೋಗಿವೆ: ಅಮೆರಿಕದ ರಾಜಕಾರಣ, ತೌಲನಿಕ ರಾಜಕಾರಣ, ಅಂತರರಾಷ್ಟ್ರೀಯ ಸಂಬಂಧಗಳು, ರಾಜಕೀಯ ಸಿದ್ಧಾಂತ, ಜೊತೆಗೆ ಸಂಶೋಧನಾ ವಿಧಾನಗಳು. ಕೆಲವೆಡೆ ಸಾರ್ವಜನಿಕ ಕಾನೂನು ಕೂಡ ಉಂಟು. ಅರ್ಜಿ ನಮೂನೆಯಲ್ಲೇ ಮೊದಲ ಮತ್ತು ಎರಡನೆಯ ಉಪಕ್ಷೇತ್ರವನ್ನು ಆರಿಸಲು ಕೇಳುತ್ತಾರೆ. ಭಾರತದ ಚುನಾವಣೆ, ಜಾತಿ, ಪಂಚಾಯಿತಿ, ಆಡಳಿತ ಇವೆಲ್ಲ ಅಲ್ಲಿ ಸಾಮಾನ್ಯವಾಗಿ ತೌಲನಿಕ ರಾಜಕಾರಣದ ಪಾಲಿಗೆ ಬರುತ್ತವೆ. ಅಂಬೇಡ್ಕರ್ ಅಥವಾ ಗಾಂಧಿಯವರ ಚಿಂತನೆಯ ಮೇಲೆ ಕೆಲಸ ಮಾಡುವವರು ರಾಜಕೀಯ ಸಿದ್ಧಾಂತಕ್ಕೆ ಹೋಗುತ್ತಾರೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಕರ್ನಾಟಕದ ‘ಭೂಮಿ’ ಯೋಜನೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಗಿ, ರೈತರು ತಾಲ್ಲೂಕು ಕಚೇರಿಯ ಕಿಯೋಸ್ಕ್‌ಗೆ ಬರುವಂತಾಯಿತು. ಈ ಒಂದೇ ಸಂಗತಿಯನ್ನು ಕಂಪ್ಯೂಟರ್ ಎಂಜಿನಿಯರ್ ವ್ಯವಸ್ಥೆಯ ವಿನ್ಯಾಸವಾಗಿ ನೋಡುತ್ತಾರೆ. ಅರ್ಥಶಾಸ್ತ್ರದವರು ಪಹಣಿ ಸುಲಭವಾಗಿ ಸಿಕ್ಕಿದ್ದರಿಂದ ಬೆಳೆಸಾಲ ಹೆಚ್ಚಿತೇ ಎಂದು ಕೇಳುತ್ತಾರೆ. ಕಾನೂನು ಓದಿದವರಿಗೆ ದಾಖಲೆ ಮತ್ತು ಹಕ್ಕಿನ ನಡುವಿನ ಅಂತರ ಕಾಣುತ್ತದೆ. ಮಾನವಶಾಸ್ತ್ರದವರು ಕಿಯೋಸ್ಕ್ ಎದುರಿನ ಸರತಿ ಸಾಲಿನಲ್ಲೇ ನಿಂತುಕೊಳ್ಳುತ್ತಾರೆ. ರಾಜ್ಯಶಾಸ್ತ್ರದ ಪ್ರಶ್ನೆ ಹೀಗಿರುತ್ತದೆ: ದಾಖಲೆಯ ಮೇಲಿನ ಹಿಡಿತ ಗ್ರಾಮ ಲೆಕ್ಕಿಗನಿಂದ ತಾಲ್ಲೂಕು ಕಚೇರಿಗೆ ಜಾರಿದಾಗ ಊರಿನ ಮಧ್ಯವರ್ತಿಗಳ ರಾಜಕೀಯ ಪ್ರಭಾವ ಕುಗ್ಗಿತೇ, ಅಥವಾ ಅದು ತಾಲ್ಲೂಕು ಕಚೇರಿಯ ಬಾಗಿಲಿಗೆ ಸ್ಥಳಾಂತರಗೊಂಡಿತೇ? ಹೀಗೆ ಕೇಳಿದ ತಕ್ಷಣ ನಿಮ್ಮ ವಿಷಯ ಎರಡು ದೊಡ್ಡ ಚರ್ಚೆಗಳಿಗೆ ತಗಲಿಕೊಳ್ಳುತ್ತದೆ: ರಾಜ್ಯದ ಆಡಳಿತ ಸಾಮರ್ಥ್ಯ ಒಂದು, ಮತದಾರ ಮತ್ತು ನಾಯಕರ ನಡುವಿನ ಆಶ್ರಯ ಸಂಬಂಧ ಇನ್ನೊಂದು. ಕರ್ನಾಟಕದ ಹೆಸರೇ ಕೇಳದ ಲ್ಯಾಟಿನ್ ಅಮೆರಿಕ ತಜ್ಞರೂ ಈ ಪ್ರಶ್ನೆಯನ್ನು ಕುತೂಹಲದಿಂದ ಓದಬಲ್ಲರು. ಸಮಿತಿಯಲ್ಲಿ ಕೂತಿರುವುದು ಬಹುತೇಕ ಅಂಥವರೇ.

ಇದು ಬರೀ ಊಹೆಯ ಮಾತಲ್ಲ. ಥ್ಯಾಡ್ ಡನಿಂಗ್ ಮತ್ತು ಜಾಹ್ನವಿ ನಿಲೇಕಣಿ 2013ರಲ್ಲಿ ‘ಅಮೆರಿಕನ್ ಪೊಲಿಟಿಕಲ್ ಸೈನ್ಸ್ ರಿವ್ಯೂ’ನಲ್ಲಿ ಪ್ರಕಟಿಸಿದ ಲೇಖನ ಕರ್ನಾಟಕವೂ ಸೇರಿ ಮೂರು ರಾಜ್ಯಗಳ ಗ್ರಾಮ ಪಂಚಾಯಿತಿ ಅಧ್ಯಕ್ಷ ಸ್ಥಾನದ ಮೀಸಲಾತಿಯನ್ನು ಪರೀಕ್ಷಿಸಿತು. ಸೌಲಭ್ಯಗಳ ಹಂಚಿಕೆಯ ಮೇಲೆ ಮೀಸಲಾತಿಯ ಪರಿಣಾಮ ದುರ್ಬಲ, ಜಾತಿಯನ್ನು ದಾಟಿ ಹಬ್ಬಿದ ಪಕ್ಷದ ನಂಟು ಅದಕ್ಕೊಂದು ಕಾರಣ ಎಂಬುದು ಅವರ ವಾದ. ನಮ್ಮ ಪಂಚಾಯಿತಿ ಚುನಾವಣೆ ಪಕ್ಷರಹಿತವೆಂದು ಕಾಗದದ ಮೇಲಿದ್ದರೂ ಊರಿನಲ್ಲಿ ಯಾರು ಯಾವ ಪಕ್ಷ ಎಂಬುದು ಕಟ್ಟೆಯ ಮೇಲೆ ಕೂತವರಿಗೆಲ್ಲ ಗೊತ್ತು. ನಮಗೆ ತೀರ ಪರಿಚಿತವಾದ ಈ ವಾಸ್ತವವೇ ‘ಜಾತಿ ಮೀಸಲಾತಿ ಮತ್ತು ಪಕ್ಷ ನಿಷ್ಠೆಗಳಲ್ಲಿ ಯಾವುದು ಬಲ?’ ಎಂಬ ಪ್ರಶ್ನೆಯಾಗಿ ಬದಲಾದಾಗ ಆ ಶಾಸ್ತ್ರದ ಪ್ರಮುಖ ಪತ್ರಿಕೆಯಲ್ಲಿ ಜಾಗ ಪಡೆಯಿತು.

ಹಲವು ಶಾಸ್ತ್ರಗಳನ್ನು ಬೆಸೆದವರು ಇಲ್ಲಿ ಹೊಸಬರೇನಲ್ಲ. ಎಲಿನರ್ ಆಸ್ಟ್ರಮ್ ಅವರಿಗೆ ಗಣಿತದ ಹಿನ್ನೆಲೆ ಸಾಲದೆಂದು ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಸೀಟು ಸಿಗಲಿಲ್ಲ. ಅವರು ದಕ್ಷಿಣ ಕ್ಯಾಲಿಫೋರ್ನಿಯಾದ ಅಂತರ್ಜಲ ನಿರ್ವಹಣೆಯ ಮೇಲೆ ಪ್ರಬಂಧ ಬರೆದು 1965ರಲ್ಲಿ ರಾಜ್ಯಶಾಸ್ತ್ರದಲ್ಲೇ ಪಿಎಚ್.ಡಿ. ಪಡೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಕೆಲಸದಲ್ಲಿ ಅರ್ಥಶಾಸ್ತ್ರ, ಕಾನೂನು, ಪರಿಸರ ಎಲ್ಲವೂ ಇವೆ, ಆದರೆ ಎಲ್ಲವೂ ಒಂದೇ ಪ್ರಶ್ನೆಯ ಸೇವೆಯಲ್ಲಿವೆ: ಎಲ್ಲರಿಗೂ ಸೇರಿದ ಸಂಪನ್ಮೂಲವನ್ನು ಜನ ತಾವೇ ನಿಯಮ ಮಾಡಿಕೊಂಡು ಹೇಗೆ ಕಾಪಾಡುತ್ತಾರೆ? ನಮ್ಮ ಕೆರೆಗಳ ಬಗ್ಗೆ ಬರೆಯಹೊರಟವರು ಅವರನ್ನು ಓದದೆ ಅರ್ಜಿ ಹಾಕಬಾರದು.

ಹೆಜ್ಜೆ 2: ಕೊರತೆ ತುಂಬಿಕೊಳ್ಳಿ

ಅಂಕಪಟ್ಟಿ ನೋಡಿದ ಸಮಿತಿಗೆ ಎರಡು ಅನುಮಾನ ಬರುತ್ತವೆ. ಎಂಜಿನಿಯರಿಂಗ್‌ನವರ ಬಗ್ಗೆ: ಈತನಿಗೆ ಅಂಕಿ ಅಂಶ ಗೊತ್ತು, ರಾಜಕಾರಣದ ಬಗ್ಗೆ ಓದಿ ಬರೆಯಲು ಬರುತ್ತದೆಯೇ? ಸಾಹಿತ್ಯ, ಇತಿಹಾಸ, ಕಾನೂನಿನವರ ಬಗ್ಗೆ: ಈಕೆ ಚೆನ್ನಾಗಿ ಬರೆಯುತ್ತಾಳೆ, ಮೊದಲ ವರ್ಷದ ಸಂಖ್ಯಾಶಾಸ್ತ್ರ ದಾಟುತ್ತಾಳೆಯೇ?

ಎರಡನೆಯ ಗುಂಪಿನವರು ಹೆದರಬೇಕಿಲ್ಲ, ಆದರೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಹೆಚ್ಚಿನ ವಿಭಾಗಗಳಲ್ಲಿ ತರಗತಿ ಶುರುವಾಗುವ ಮೊದಲೇ ‘ಮ್ಯಾಥ್ ಕ್ಯಾಂಪ್’ ಎಂಬ ಕಿರು ಗಣಿತ ಶಿಬಿರ ನಡೆಯುತ್ತದೆ. ಆಮೇಲೆ ಸಂಭಾವ್ಯತೆ, ರಿಗ್ರೆಷನ್ (ಒಂದು ಅಂಶ ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕ), ಕಾರಣ ಮತ್ತು ಪರಿಣಾಮದ ಅನುಮಾನ, ಕೆಲವೆಡೆ ಗೇಮ್ ಥಿಯರಿ (ಒಬ್ಬರ ನಡೆ ಇನ್ನೊಬ್ಬರ ನಡೆಯನ್ನು ಅವಲಂಬಿಸುವ ಸನ್ನಿವೇಶಗಳ ಗಣಿತ). ಐಐಟಿಗಳ ಆನ್‌ಲೈನ್ ಕೋರ್ಸ್ ವೇದಿಕೆಯಾದ ಎನ್‌ಪಿಟಿಇಎಲ್‌ನಲ್ಲಿ ಸಂಭಾವ್ಯತೆ ಮತ್ತು ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಮಾಡಿ, ಪರೀಕ್ಷೆ ಬರೆದು, ಪ್ರಮಾಣಪತ್ರ ತೆಗೆದುಕೊಳ್ಳಿ. ಅಂಕಿ ಅಂಶ ವಿಶ್ಲೇಷಣೆಗೆ ಬಳಸುವ ‘ಆರ್’ ಎಂಬ ಕಂಪ್ಯೂಟರ್ ಭಾಷೆ ಕಲಿಯಿರಿ. ಅದು ಉಚಿತ, ಕಲಿಯಲು ಒಳ್ಳೆಯ ದತ್ತಾಂಶವೂ ಕೈಗೆಟುಕುವಂತಿದೆ: ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಸೆಂಟರ್ ಫಾರ್ ಪೊಲಿಟಿಕಲ್ ಡೇಟಾ ರೂಪಿಸಿದ ‘ಲೋಕ್ ಢಾಬಾ’ದಲ್ಲಿ ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳ ಫಲಿತಾಂಶ ಕ್ಷೇತ್ರವಾರು ಸಿಗುತ್ತದೆ. ನಿಮ್ಮ ಜಿಲ್ಲೆಯ ಕ್ಷೇತ್ರಗಳಲ್ಲಿ ಬಂಡಾಯ ಅಭ್ಯರ್ಥಿಗಳು ಎಷ್ಟು ಮತ ಕಿತ್ತರು ಎಂದು ಲೆಕ್ಕ ಹಾಕಿ ಒಂದು ನಕ್ಷೆ ಎಳೆದರೂ ಅದು ನಾಲ್ಕು ಸಾಲಿನ ‘ಆಸಕ್ತಿ’ಗಿಂತ ಹೆಚ್ಚು ಮಾತಾಡುತ್ತದೆ.

ಮೊದಲ ಗುಂಪಿನವರಿಗೆ ಬೇಕಾದದ್ದು ಓದು ಮತ್ತು ಸಂಶೋಧನೆಯ ಅನುಭವ. ಬೆಂಗಳೂರಿನ ಐಸೆಕ್ ಮತ್ತು ಎನ್‌ಐಎಎಸ್‌ನಂಥ ಸಂಸ್ಥೆಗಳ ಯೋಜನೆಗಳು, ದೆಹಲಿಯ ಲೋಕನೀತಿಯ ಚುನಾವಣಾ ಸಮೀಕ್ಷೆಗಳು, ಬಡತನದ ಬಗ್ಗೆ ಸಂಶೋಧನೆ ಮಾಡುವ ಜೆ-ಪಾಲ್ ದಕ್ಷಿಣ ಏಷ್ಯಾದ ಕ್ಷೇತ್ರ ಪ್ರಯೋಗಗಳು, ಇಂಥ ಕಡೆ ಸಂಶೋಧನಾ ಸಹಾಯಕರ ಕೆಲಸ ಬರುತ್ತಿರುತ್ತದೆ. ಹಳ್ಳಿಯಲ್ಲಿ ಕೂತು ಪ್ರಶ್ನಾವಳಿ ತುಂಬಿಸಿದವರಿಗೆ, ಬರೆದ ಪ್ರಶ್ನೆಗೂ ಬಂದ ಉತ್ತರಕ್ಕೂ ಎಷ್ಟು ದೂರವಿರುತ್ತದೆ ಎಂಬುದು ಗೊತ್ತಾಗುತ್ತದೆ. ಕನ್ನಡ, ತುಳು, ಕೊಂಕಣಿ, ಉರ್ದು ಬರುವುದು ಇಲ್ಲಿ ನಿಜವಾದ ಬಂಡವಾಳ. ಅದನ್ನು ಸಿ.ವಿ.ಯ ಕೊನೆಯ ಸಾಲಿನಲ್ಲಿ ಹುದುಗಿಸಬೇಡಿ.

ಹೆಜ್ಜೆ 3: ವಿಭಾಗಗಳ ಪಟ್ಟಿ (ಜೂನ್‌ನಿಂದ ಆಗಸ್ಟ್)

ರ‍್ಯಾಂಕ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ಹಿಡಿದು ಹೋಗುವುದು ಸೋಮಾರಿತನ. ಒಂದೊಂದು ವಿಭಾಗಕ್ಕೂ ಒಂದೊಂದು ಜಾಯಮಾನ. ರೊಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ರೈಕರ್ 1960ರ ದಶಕದಿಂದ ಕಟ್ಟಿದ್ದು ಗಣಿತ ಮಾದರಿಗಳ ಪರಂಪರೆ. ಶಿಕಾಗೊದಲ್ಲಿ ಲೀಸಾ ವೆಡೀನ್ ಅವರಂಥವರು ಜನರ ನಡುವೆ ಇದ್ದು ಗಮನಿಸುವ ಜನಾಂಗವರ್ಣನೆಯ ವಿಧಾನದಿಂದ ರಾಜಕಾರಣವನ್ನು ಓದಿದರು. ಜಾನ್ಸ್ ಹಾಪ್ಕಿನ್ಸ್‌ಗೆ ರಾಜಕೀಯ ಸಿದ್ಧಾಂತದಲ್ಲಿ ಹೆಸರು. ಹವಾಯಿ ವಿಶ್ವವಿದ್ಯಾಲಯದ ಮನೋವಾ ಕ್ಯಾಂಪಸ್‌ನಲ್ಲಿ ಮೂಲನಿವಾಸಿ ರಾಜಕಾರಣವೇ ಒಂದು ವಿಶೇಷ ಕ್ಷೇತ್ರ. ವಿಭಾಗದ ಹೆಸರುಗಳೂ ಬೇರೆ ಬೇರೆ: ಹಾರ್ವರ್ಡ್ ಮತ್ತು ಕಾರ್ನೆಲ್‌ನಲ್ಲಿ ‘ಗವರ್ನಮೆಂಟ್’, ಪ್ರಿನ್ಸ್‌ಟನ್‌ನಲ್ಲಿ ‘ಪಾಲಿಟಿಕ್ಸ್’.

ವಿಧಾನಗಳ ಈ ಜಗಳ ಹಳೆಯದು. 2000ದಲ್ಲಿ ‘ಮಿಸ್ಟರ್ ಪೆರೆಸ್ಟ್ರಾಯಿಕಾ’ ಎಂಬ ಅನಾಮಿಕ ಹೆಸರಿನ ಇಮೇಲ್ ಒಂದು, ಅಂಕಿ ಅಂಶ ಮತ್ತು ಗಣಿತ ಮಾದರಿಗಳು ಇಡೀ ಶಾಸ್ತ್ರವನ್ನು ಆಕ್ರಮಿಸಿಕೊಂಡಿವೆ ಎಂದು ದೂರಿ ದೊಡ್ಡ ಗದ್ದಲ ಎಬ್ಬಿಸಿತು. ಆ ಗದ್ದಲದ ಬೆನ್ನಿಗೇ, 2003ರಲ್ಲಿ, ಅಮೆರಿಕನ್ ರಾಜ್ಯಶಾಸ್ತ್ರ ಸಂಘ ‘ಪರ್ಸ್‌ಪೆಕ್ಟಿವ್ಸ್ ಆನ್ ಪಾಲಿಟಿಕ್ಸ್’ ಎಂಬ ಹೊಸ ಪತ್ರಿಕೆ ತಂದಿತು. ಇಂದಿಗೂ ಅಂಕಿ ಅಂಶದ ಕೈಯೇ ಮೇಲು. ಹಾಗಾಗಿ ಸಂದರ್ಶನ, ದಾಖಲೆ, ಕ್ಷೇತ್ರಕಾರ್ಯಗಳನ್ನು ನೆಚ್ಚುವ ಗುಣಾತ್ಮಕ ಅಧ್ಯಯನ ಮಾಡಬೇಕೆಂದಿರುವವರು, ಆ ಬಗೆಯ ಕೆಲಸ ಮಾಡಿ ಉದ್ಯೋಗ ಹಿಡಿದ ವಿದ್ಯಾರ್ಥಿಗಳು ಆ ವಿಭಾಗದಿಂದ ಹೊರಬಂದಿದ್ದಾರೆಯೇ ಎಂದು ನೋಡಿಯೇ ಅರ್ಜಿ ಹಾಕಬೇಕು. ವಿಭಾಗದ ಜಾಲತಾಣದ ‘ಪ್ಲೇಸ್‌ಮೆಂಟ್’ ಪುಟ ಅದಕ್ಕಾಗಿಯೇ ಇದೆ. ಆ ಪುಟವೇ ಇಲ್ಲದಿದ್ದರೆ ಅದೂ ಒಂದು ಉತ್ತರ.

ಪ್ರತಿ ವಿಭಾಗದಲ್ಲೂ ನಿಮ್ಮ ಪ್ರಶ್ನೆಗೆ ಹತ್ತಿರವಾದ ಕನಿಷ್ಠ ಮೂವರು ಇರಬೇಕು, ಅವರೆಲ್ಲ ಭಾರತದ ತಜ್ಞರೇ ಆಗಿರಬೇಕಿಲ್ಲ. ಒಬ್ಬರನ್ನೇ ನಂಬಿ ಹೋದರೆ ಅವರು ನಿವೃತ್ತರಾದಾಗ ಅಥವಾ ಬೇರೆಡೆ ಹೋದಾಗ ನೀವು ನಡುನೀರಿನಲ್ಲಿ. ಪ್ರಾಧ್ಯಾಪಕರಿಗೆ ಮೊದಲೇ ಇಮೇಲ್ ಬರೆಯುವುದು ಕಡ್ಡಾಯವಲ್ಲ. ಬರೆಯುವುದಾದರೆ ಐದಾರು ಸಾಲು ಸಾಕು: ಪ್ರಶ್ನೆ, ಅವರ ಯಾವ ಕೆಲಸ ಅದಕ್ಕೆ ತಾಗುತ್ತದೆ, ಈ ವರ್ಷ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದಾರೆಯೇ. ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ ಎಸ್ಸೆಸ್ಸೆಲ್ಸಿ ಅಂಕದವರೆಗೆ ಹೋಗುವ ಪತ್ರಗಳನ್ನು ಯಾರೂ ಪೂರ್ತಿ ಓದುವುದಿಲ್ಲ.

ನಿಮ್ಮ ಪ್ರಶ್ನೆ ನಿಜಕ್ಕೂ ಎರಡು ಶಾಸ್ತ್ರಗಳ ಗಡಿಯಲ್ಲೇ ಇದ್ದರೆ ಜಂಟಿ ಕಾರ್ಯಕ್ರಮಗಳನ್ನೂ ನೋಡಿ. ಕಾನೂನಿನವರಿಗೆ ಬರ್ಕ್ಲಿಯ ‘ಜೂರಿಸ್‌ಪ್ರುಡೆನ್ಸ್ ಆ್ಯಂಡ್ ಸೋಶಿಯಲ್ ಪಾಲಿಸಿ’, ಅರ್ಥಶಾಸ್ತ್ರದವರಿಗೆ ಹಾರ್ವರ್ಡಿನ ‘ಪೊಲಿಟಿಕಲ್ ಇಕಾನಮಿ ಆ್ಯಂಡ್ ಗವರ್ನಮೆಂಟ್’, ನೀತಿ ಅಧ್ಯಯನದವರಿಗೆ ಮಿಷಿಗನ್‌ನ ಸಾರ್ವಜನಿಕ ನೀತಿ ಮತ್ತು ರಾಜ್ಯಶಾಸ್ತ್ರದ ಜಂಟಿ ಪದವಿ ಇವೆ. ಒಂದು ಎಚ್ಚರಿಕೆ: ಮುಂದೆ ರಾಜ್ಯಶಾಸ್ತ್ರ ವಿಭಾಗದಲ್ಲೇ ಅಧ್ಯಾಪಕರಾಗುವ ಆಸೆಯಿದ್ದರೆ ರಾಜ್ಯಶಾಸ್ತ್ರದ ಪದವಿಯೇ ಸುರಕ್ಷಿತ. ಉದ್ಯೋಗ ಮಾರುಕಟ್ಟೆ ಇನ್ನೂ ಹಳೆಯ ಬೇಲಿಗಳ ಒಳಗೇ ನಡೆಯುತ್ತಿದೆ.

2025ರಿಂದ ಇನ್ನೊಂದು ತೊಡಕು ಬಂದಿದೆ. ಅನುದಾನದ ಅನಿಶ್ಚಿತತೆಯಿಂದ ಹಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಸೀಟುಗಳನ್ನು ಕಡಿತಗೊಳಿಸಿವೆ, ಕೆಲವು ಕಾರ್ಯಕ್ರಮಗಳು ಆ ವರ್ಷದ ಪ್ರವೇಶವನ್ನೇ ನಿಲ್ಲಿಸಿವೆ. ಶುಲ್ಕ ಕಟ್ಟುವ ಮೊದಲು ಈ ವರ್ಷ ಪ್ರವೇಶ ಇದೆಯೇ ಎಂದು ವಿಭಾಗದ ಪುಟದಲ್ಲಿ ಖಚಿತಪಡಿಸಿಕೊಳ್ಳಿ.

ಹೆಜ್ಜೆ 4: ಶಿಫಾರಸು ಪತ್ರಗಳು (ಆಗಸ್ಟ್‌ನಿಂದ ಅಕ್ಟೋಬರ್)

ಸಾಮಾನ್ಯವಾಗಿ ಮೂರು ಪತ್ರ ಬೇಕು. ನಮ್ಮ ಕಾಲೇಜುಗಳಲ್ಲಿ ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎನ್ನುವ ವಾಡಿಕೆ ಇದೆ. ಒಪ್ಪಿಕೊಳ್ಳಬೇಡಿ. ಅದು ಅಪ್ರಾಮಾಣಿಕ ಎಂಬುದು ಒಂದು ಕಡೆಯಾದರೆ, ಮೂರು ಪತ್ರಗಳೂ ಒಂದೇ ದನಿಯಲ್ಲಿ ಮಾತಾಡುತ್ತವೆ ಎಂಬುದು ಅನುಭವಿ ಓದುಗರಿಗೆ ಬೇಗ ತಿಳಿಯುತ್ತದೆ. ಅದರ ಬದಲು ಪ್ರಾಧ್ಯಾಪಕರ ಕೈಗೆ ಎರಡು ಪುಟದ ಟಿಪ್ಪಣಿ ಕೊಡಿ: ಅವರ ತರಗತಿಯಲ್ಲಿ ನೀವು ಬರೆದ ಪ್ರಬಂಧ, ಅದರ ಬಗ್ಗೆ ಅವರು ಹೇಳಿದ ಮಾತು, ಈಗಿನ ನಿಮ್ಮ ಪ್ರಶ್ನೆ, ಪ್ರತಿ ವಿಶ್ವವಿದ್ಯಾಲಯದ ಕೊನೆಯ ದಿನಾಂಕ. ‘ಶಿಸ್ತಿನ ವಿದ್ಯಾರ್ಥಿ, ಉತ್ತಮ ನಡತೆ’ ಎಂಬ ಪತ್ರ ಹಾನಿ ಮಾಡದಿದ್ದರೂ ನೆರವಾಗುವುದಿಲ್ಲ. ‘ನಾನು ಕೊಟ್ಟ ವಾದವನ್ನು ಈಕೆ ಒಪ್ಪದೆ, ಮೂಲ ದಾಖಲೆ ತಂದು ತೋರಿಸಿದಳು’ ಎಂಬ ಒಂದು ಸಾಲು ನೆರವಾಗುತ್ತದೆ.

ಮೂವರೂ ನಿಮ್ಮ ಸಂಶೋಧನೆಯನ್ನು ಕಂಡವರಾಗಿರಲಿ. ಒಬ್ಬರಾದರೂ ಸಮಾಜವಿಜ್ಞಾನದವರಾಗಿದ್ದರೆ ಒಳ್ಳೆಯದು. ಕಂಪನಿಯ ಮ್ಯಾನೇಜರ್ ಬೇಡ. ಸ್ವಯಂಸೇವಾ ಸಂಸ್ಥೆಯ ಹಿರಿಯರೊಬ್ಬರು ನೀವು ಮಾಡಿದ ಸಮೀಕ್ಷೆಯ ಬಗ್ಗೆ ಬರೆಯಬಲ್ಲರಾದರೆ ಮೂರನೆಯ ಪತ್ರಕ್ಕೆ ಸರಿ. ಪತ್ರಗಳು ಆನ್‌ಲೈನ್ ಲಿಂಕ್ ಮೂಲಕ ಹೋಗುತ್ತವೆ. ಸಂಸ್ಥೆಯ ಇಮೇಲ್ ವಿಳಾಸ ಬಳಸಲು ಪ್ರಾಧ್ಯಾಪಕರನ್ನು ಕೇಳಿಕೊಳ್ಳಿ, ಲಿಂಕ್ ಸ್ಪ್ಯಾಮ್‌ಗೆ ಬಿದ್ದಿದೆಯೇ ಎಂದು ವಿನಯದಿಂದ ವಿಚಾರಿಸಿ.

ಹೆಜ್ಜೆ 5: ರೈಟಿಂಗ್ ಸ್ಯಾಂಪಲ್

ಬೇರೆ ಶಾಸ್ತ್ರದಿಂದ ಬರುವವರ ಅರ್ಜಿ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಇಲ್ಲೇ. ಇಪ್ಪತ್ತರಿಂದ ಮೂವತ್ತು ಪುಟದ, ಒಬ್ಬರೇ ಬರೆದ ಸಂಶೋಧನಾ ಬರಹ ಸಾಮಾನ್ಯ ನಿರೀಕ್ಷೆ. ಪುಟಮಿತಿ ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ಎಂ.ಎ. ಪ್ರಬಂಧವನ್ನು ಇದ್ದಂತೆಯೇ ಕತ್ತರಿಸಿ ಕಳುಹಿಸಬೇಡಿ. ಒಂದು ಅಧ್ಯಾಯ ಆರಿಸಿ, ಮೊದಲ ಎರಡು ಪುಟದಲ್ಲೇ ಪ್ರಶ್ನೆ, ಈವರೆಗೆ ಯಾರು ಏನು ಹೇಳಿದ್ದಾರೆ, ನಿಮ್ಮ ಉತ್ತರವೇನು, ಆಧಾರವೇನು ಎಂಬುದು ಬರುವಂತೆ ಹೊಸದಾಗಿ ಬರೆಯಿರಿ. ನಮ್ಮ ಪ್ರಬಂಧಗಳಲ್ಲಿ ಹತ್ತು ಪುಟ ‘ಹಿನ್ನೆಲೆ’ ಬಂದು ವಾದ ಕೊನೆಯ ಅಧ್ಯಾಯದಲ್ಲಿ ಅಡಗಿರುತ್ತದೆ. ಅಷ್ಟು ದೂರ ಓದುವ ವ್ಯವಧಾನ ಸಮಿತಿಗಿಲ್ಲ.

ಕಾನೂನಿನವರು ತೀರ್ಪುಗಳ ವಿಶ್ಲೇಷಣೆ ಕೊಡುವುದಾದರೆ, ನ್ಯಾಯಾಲಯ ಹೀಗೆ ತೀರ್ಪು ನೀಡಿದ್ದು ಸರಿಯೇ ಎಂಬಲ್ಲಿಂದ, ಹೀಗೇಕೆ ನೀಡಿತು ಎಂಬಲ್ಲಿಗೆ ವಾದವನ್ನು ತಿರುಗಿಸಬೇಕು. ಸಾಹಿತ್ಯದವರು ಕೃತಿಯ ಓದನ್ನು ಅಧಿಕಾರ, ಪ್ರಾತಿನಿಧ್ಯ, ಸಮಾನತೆಯಂಥ ಸಿದ್ಧಾಂತದ ಪ್ರಶ್ನೆಗೆ ಜೋಡಿಸಿದರೆ ರಾಜಕೀಯ ಸಿದ್ಧಾಂತದವರು ಆಸಕ್ತಿಯಿಂದ ಓದುತ್ತಾರೆ. ವಚನಗಳ ಮೇಲಿನ ಪ್ರಬಂಧವೂ ಹೀಗೆ ದಾರಿ ಮಾಡಿಕೊಳ್ಳಬಲ್ಲದು.

ಹೆಜ್ಜೆ 6: ಎಸ್‌ಒಪಿ, ಅಂದರೆ ಉದ್ದೇಶ ಪತ್ರ (ಸೆಪ್ಟೆಂಬರ್‌ನಿಂದ ನವೆಂಬರ್)

ಎರಡು ಪುಟದ ಈ ಪತ್ರದಲ್ಲಿ ಬಾಲ್ಯಕ್ಕೆ ಜಾಗವಿಲ್ಲ. ‘ಚಿಕ್ಕಂದಿನಿಂದಲೂ ರಾಜಕೀಯದಲ್ಲಿ ಆಸಕ್ತಿ’ ಎಂಬ ಸಾಲನ್ನು ಸಮಿತಿ ಸಾವಿರ ಸಲ ಓದಿದೆ. ಮೊದಲ ಕರಡು ಹೀಗಿರುತ್ತದೆ ಎಂದುಕೊಳ್ಳಿ:

‘ಎಂಜಿನಿಯರಿಂಗ್, ಅಭಿವೃದ್ಧಿ ಅಧ್ಯಯನ ಮತ್ತು ಆಡಳಿತದ ಅನುಭವದಿಂದ ನನಗೆ ಅಂತರಶಿಸ್ತೀಯ ದೃಷ್ಟಿ ದೊರೆತಿದೆ. ತಂತ್ರಜ್ಞಾನ, ಸಮಾಜ ಮತ್ತು ರಾಜಕೀಯದ ಸಂಬಂಧವನ್ನು ಸಮಗ್ರವಾಗಿ ಅಧ್ಯಯನ ಮಾಡುವ ಬಯಕೆ ನನ್ನದು.’

ಇದರಲ್ಲಿ ಒಪ್ಪದಿರಲು ಏನೂ ಇಲ್ಲ, ಹಿಡಿದುಕೊಳ್ಳಲೂ ಏನೂ ಇಲ್ಲ. ಅದೇ ವ್ಯಕ್ತಿ ಹೀಗೆ ಬರೆಯಬಹುದು:

‘ಭೂದಾಖಲೆಗಳ ಗಣಕೀಕರಣ ಮಧ್ಯವರ್ತಿಗಳನ್ನು ಇಲ್ಲವಾಗಿಸುತ್ತದೆ ಎಂಬ ನಿರೀಕ್ಷೆಯಿತ್ತು. ಎರಡು ತಾಲ್ಲೂಕುಗಳಲ್ಲಿ ಎಂ.ಎ. ಪ್ರಬಂಧಕ್ಕಾಗಿ ನಡೆಸಿದ ಸಂದರ್ಶನಗಳಲ್ಲಿ ಕಂಡದ್ದು ಬೇರೆ: ಖಾತೆ ಬದಲಾವಣೆಗೆ ರೈತರು ಈಗಲೂ ಮಧ್ಯವರ್ತಿಯನ್ನು ಹಿಡಿಯುತ್ತಾರೆ, ಆದರೆ ಆತ ಈಗ ಪಕ್ಷದ ಕಾರ್ಯಕರ್ತ. ಆಡಳಿತ ಸುಧಾರಣೆ ಯಾವಾಗ ಮಧ್ಯವರ್ತಿಗಳನ್ನು ದುರ್ಬಲಗೊಳಿಸುತ್ತದೆ, ಯಾವಾಗ ಅವರನ್ನು ಪಕ್ಷಗಳ ತೆಕ್ಕೆಗೆ ತಳ್ಳುತ್ತದೆ ಎಂಬುದು ನನ್ನ ಪ್ರಶ್ನೆ.’

ಎರಡನೆಯದರಲ್ಲಿ ‘ಅಂತರಶಿಸ್ತೀಯ’ ಎಂಬ ಪದವೇ ಇಲ್ಲ. ಆದರೂ ಓದುಗರಿಗೆ ಆ ವ್ಯಕ್ತಿಯ ಎಂಜಿನಿಯರಿಂಗ್ ಏಕೆ ಉಪಯುಕ್ತ ಎಂಬುದು ತಿಳಿಯುತ್ತದೆ. (ಉದಾಹರಣೆ ಕಲ್ಪಿತ. ನಿಮ್ಮದರಲ್ಲಿ ನೀವು ನಿಜವಾಗಿ ಕಂಡದ್ದೇ ಇರಬೇಕು.) ಇದರ ನಂತರ ಒಂದು ಪ್ಯಾರಾ ಈಗಾಗಲೇ ಇರುವ ಚರ್ಚೆಗೆ, ಒಂದು ಪ್ಯಾರಾ ಹೇಗೆ ಅಧ್ಯಯನ ಮಾಡುತ್ತೀರಿ ಎಂಬುದಕ್ಕೆ, ಒಂದೆರಡು ನಿಮ್ಮ ತರಬೇತಿಗೆ, ಕೊನೆಯದು ಆ ವಿಭಾಗವೇ ಏಕೆ ಎಂಬುದಕ್ಕೆ. ಕೊನೆಯ ಪ್ಯಾರಾದಲ್ಲಿ ಪ್ರಾಧ್ಯಾಪಕರ ಹೆಸರುಗಳನ್ನು ಪೋಣಿಸಿದರೆ ಸಾಲದು, ಅವರ ಯಾವ ಕೆಲಸ ನಿಮ್ಮ ಪ್ರಶ್ನೆಗೆ ಎಲ್ಲಿ ತಾಗುತ್ತದೆ ಎಂದು ಹೇಳಬೇಕು. ನಾಳೆ ವಿಷಯ ಬದಲಾದರೆ? ಬದಲಾಗಲಿ. ಎಸ್‌ಒಪಿ ಕರಾರುಪತ್ರವಲ್ಲ. ನೀವು ಒಂದು ಪ್ರಶ್ನೆಯನ್ನು ಸಂಶೋಧನೆಯಾಗಿ ರೂಪಿಸಬಲ್ಲಿರಿ ಎಂಬುದನ್ನು ಅದು ತೋರಿಸಿದರೆ ಸಾಕು.

ಒಂದು ವರ್ಷ ಕಡಿಮೆ ಅಂಕ, ಓದಿನಲ್ಲಿ ಬಿಡುವು, ವಿಷಯ ಬದಲಾವಣೆ ಇದ್ದರೆ ಎರಡು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಹೆಜ್ಜೆ 7: ಪರೀಕ್ಷೆ, ಕಾಗದಪತ್ರ, ಶುಲ್ಕ

ಗಣಿತ, ಇಂಗ್ಲಿಷ್ ಮತ್ತು ಬರವಣಿಗೆಯನ್ನು ಅಳೆಯುವ ಜಿಆರ್‌ಇ ಪರೀಕ್ಷೆಯನ್ನು ಅನೇಕ ವಿಭಾಗಗಳು ಕೈಬಿಟ್ಟಿವೆ ಅಥವಾ ಐಚ್ಛಿಕ ಮಾಡಿವೆ, ಕೆಲವು ಉಳಿಸಿಕೊಂಡಿವೆ. ಗಣಿತ ಓದದವರಿಗೆ ಅದರ ಗಣಿತ ಭಾಗದಲ್ಲಿ (ಕ್ವಾಂಟ್) ಒಳ್ಳೆಯ ಅಂಕ ಅನುಮಾನ ನಿವಾರಿಸುವ ಸುಲಭ ದಾರಿ, ಹಾಗಾಗಿ ಐಚ್ಛಿಕವಿದ್ದರೂ ಬರೆಯುವುದು ಲೇಸು. ಅಂಕ ಐದು ವರ್ಷ ನಡೆಯುತ್ತದೆ. ಇಂಗ್ಲಿಷ್ ಪರೀಕ್ಷೆಯಾದ ಟೋಫೆಲ್‌ನ ಅಂಕ ಎರಡೇ ವರ್ಷ. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಓದಿದವರಿಗೆ ಕೆಲವೆಡೆ ವಿನಾಯಿತಿ ಉಂಟು, ಕಾಲೇಜಿನಿಂದ ಮಾಧ್ಯಮ ಪ್ರಮಾಣಪತ್ರ ತೆಗೆದಿಡಿ. ಮೂರು ವರ್ಷದ ಬಿ.ಎ. ಮಾತ್ರ ಇದ್ದವರು, ಅದನ್ನು ಒಪ್ಪುತ್ತಾರೆಯೇ ಎಂದು ಗ್ರ್ಯಾಜುಯೇಟ್ ಸ್ಕೂಲ್‌ಗೆ ಬರೆದು ಕೇಳಬೇಕು. ಎಂ.ಎ. ಇದ್ದರೆ ಈ ತಕರಾರು ಸಾಮಾನ್ಯವಾಗಿ ಬರುವುದಿಲ್ಲ. ಶೇಕಡಾ ಅಂಕವನ್ನು ನೀವೇ ಅಮೆರಿಕದ ನಾಲ್ಕರ ಅಳತೆಯ ಸರಾಸರಿಗೆ (ಜಿಪಿಎ) ಪರಿವರ್ತಿಸಬೇಡಿ, ಅಂಕಪಟ್ಟಿಯಲ್ಲಿ ಇದ್ದಂತೆಯೇ ನಮೂದಿಸಿ.

ಕೊನೆಯ ದಿನಾಂಕಗಳು ಬಹುತೇಕ ಡಿಸೆಂಬರ್ ಮೊದಲ ದಿನದಿಂದ ಜನವರಿ ಮೊದಲ ವಾರದೊಳಗೆ ಬರುತ್ತವೆ. ಒಂದು ಅರ್ಜಿಗೆ ಸುಮಾರು ನೂರು ಡಾಲರ್ ಎಂದರೂ ಎಂಟು ಅರ್ಜಿಗೆ ಎಪ್ಪತ್ತು ಸಾವಿರ ರೂಪಾಯಿಯ ಆಸುಪಾಸು. ಶುಲ್ಕ ವಿನಾಯಿತಿ ಕೇಳಲು ಸಂಕೋಚ ಬೇಡ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳಿಗೂ ಕೊಡುವ ವಿಶ್ವವಿದ್ಯಾಲಯಗಳಿವೆ, ಆದರೆ ಮನವಿ ಕೊನೆಯ ದಿನಕ್ಕಿಂತ ಸಾಕಷ್ಟು ಮೊದಲು ಹೋಗಬೇಕು.

ಹೆಜ್ಜೆ 8: ಫಲಿತಾಂಶದ ನಂತರ

ಫೆಬ್ರವರಿಯಿಂದ ಮಾರ್ಚ್‌ವರೆಗೆ ಉತ್ತರಗಳು ಬರುತ್ತವೆ. ಹೆಚ್ಚಿನ ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿರುವ ಕಟ್ಟಳೆಯಂತೆ, ನೆರವು ಸಹಿತ ಪ್ರವೇಶಕ್ಕೆ ಏಪ್ರಿಲ್ 15ರವರೆಗೆ ಸಮಯವಿರುತ್ತದೆ. ಅದಕ್ಕೂ ಮೊದಲು ಉತ್ತರ ಕೊಡಿ ಎಂದು ಒತ್ತಾಯಿಸಿದರೆ ವಿನಯದಿಂದ ಈ ನಿಯಮ ನೆನಪಿಸಬಹುದು. ಈಗಿನ ವಿದ್ಯಾರ್ಥಿಗಳೊಂದಿಗೆ ಮಾತಾಡಿ: ಸ್ಟೈಪೆಂಡ್ ಆ ಊರಿನ ಬಾಡಿಗೆಗೆ ಸಾಲುತ್ತದೆಯೇ, ಬೇಸಿಗೆಯಲ್ಲಿ ಹಣ ಬರುತ್ತದೆಯೇ, ಐದನೆಯ ವರ್ಷದ ನಂತರ ಏನು, ಭಾರತಕ್ಕೆ ಕ್ಷೇತ್ರಕಾರ್ಯಕ್ಕೆ ಹೋಗಲು ಅನುದಾನ ಸಿಗುತ್ತದೆಯೇ, ಮಾರ್ಗದರ್ಶಕರನ್ನು ಬದಲಿಸಲು ಸಾಧ್ಯವೇ. ನಿರಾಕರಿಸುವ ಆಹ್ವಾನಗಳನ್ನು ಬೇಗ ನಿರಾಕರಿಸಿ, ಕಾಯುವ ಪಟ್ಟಿಯಲ್ಲಿ ಇನ್ನೊಬ್ಬರು ಕೂತಿರುತ್ತಾರೆ. ನೀವೇ ಆ ಪಟ್ಟಿಯಲ್ಲಿದ್ದರೆ, ಅವಕಾಶ ಸಿಕ್ಕರೆ ಬರುವುದು ಖಚಿತ ಎಂಬ ಒಂದು ಚಿಕ್ಕ ಇಮೇಲ್ ಕಳುಹಿಸಿ.

ಎಲ್ಲ ಕಡೆಯಿಂದಲೂ ಇಲ್ಲ ಎಂದು ಬಂದರೆ ಮುಂದಿನ ವರ್ಷ ಅದೇ ಕಡತವನ್ನು ಮತ್ತೆ ಕಳುಹಿಸುವುದರಲ್ಲಿ ಅರ್ಥವಿಲ್ಲ. ರೈಟಿಂಗ್ ಸ್ಯಾಂಪಲ್ ಹೊಸದಾಗಬೇಕು, ಅಥವಾ ಒಂದು ವರ್ಷದ ಸಂಶೋಧನಾ ಕೆಲಸ ಸೇರಬೇಕು.

ಸೀಟು ಒಪ್ಪಿಕೊಂಡ ಮೇಲೆ ವಿಶ್ವವಿದ್ಯಾಲಯದಿಂದ ಐ-20 ಎಂಬ, ವೀಸಾಕ್ಕೆ ಬೇಕಾದ ಪತ್ರ ಬರುತ್ತದೆ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ 350 ಡಾಲರ್ ಕಟ್ಟಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಸಂದರ್ಶನಕ್ಕೆ ದಿನ ಕಾಯ್ದಿರಿಸಬೇಕು. ಇಷ್ಟರ ನಡುವೆ ಅನೇಕರು ಮರೆಯುವುದು ಪದವಿ ಪ್ರಮಾಣಪತ್ರವನ್ನು. ನಮ್ಮ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಘಟಿಕೋತ್ಸವ ತಡವಾಗುತ್ತದೆ, ಅಲ್ಲಿನ ಗ್ರ್ಯಾಜುಯೇಟ್ ಸ್ಕೂಲ್ ಮಾತ್ರ ಮೊದಲ ಸೆಮಿಸ್ಟರ್‌ನೊಳಗೇ ಮೂಲ ದಾಖಲೆ ಕೇಳುತ್ತದೆ. ಏಪ್ರಿಲ್‌ನಲ್ಲೇ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ, ಪರೀಕ್ಷಾ ವಿಭಾಗದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿಯ ಎರಡು ಮೂರು ಪ್ರತಿ ಹೆಚ್ಚಿಗೆ ಮಾಡಿಸಿಕೊಳ್ಳಿ, ಲಕೋಟೆಯ ಅಂಟಿನ ಮೇಲೆ ಮೊಹರು ಬಿದ್ದಿದೆಯೇ ಎಂದು ಕೌಂಟರ್ ಬಿಡುವ ಮೊದಲೇ ನೋಡಿ.